ಬಾದಾಮಿ ಮಾವಿನ ವಾಟೆ ನೆಟ್ಟರೆ ಬಾದಾಮಿಯೇ ಬಿಡುತ್ತಾ?

ಪ್ರಶ್ನೆ: ಹೋದ ಬೇಸಿಗೆಯಲ್ಲಿ ತಿಂದ ಬಾದಾಮಿ ಹಣ್ಣು ತುಂಬಾ ರುಚಿಯಾಗಿತ್ತು. ಅದರ ವಾಟೆಯನ್ನು ಕುಂಡದಲ್ಲಿ ಹಾಕಿದೆ. ಸಸಿ ಮೊಣಕಾಲುದ್ದ ಬಂದಿದೆ. ಈ ಮಳೆಗಾಲದಲ್ಲಿ ಹಿತ್ತಲಲ್ಲಿ ನೆಡಬಹುದಾ? ನರ್ಸರಿಯವರು ಕಸಿ ಗಿಡವೇ ಬೇಕು ಅಂತಾರೆ.

ಉತ್ತರ: ನೆಡಬಹುದು. ಆದರೆ ಅದೇ ಹಣ್ಣು ಸಿಗುತ್ತೆ ಅಂತ ನಂಬಿ ನೆಡಬೇಡಿ.

ಹಣ್ಣಿನ ತಿರುಳು ಪೂರ್ತಿ ತಾಯಿಮರದ್ದು. ವಾಟೆಯೊಳಗಿನ ಮೊಳಕೆ ಹಾಗಲ್ಲ. ನೊಣವೋ ಜೇನೋ ಪಕ್ಕದ ತೋಟದ ಯಾವ ಮರದಿಂದ ಪರಾಗ ತಂದಿತ್ತೋ, ಆ ಮರದ ಗುಣವೂ ಅದರಲ್ಲಿ ಸೇರಿರುತ್ತದೆ. ಅಪ್ಪ-ಅಮ್ಮನ ಪಡಿಯಚ್ಚಿನಂತೆ ಮಕ್ಕಳು ಹುಟ್ಟಲ್ಲ, ಅಲ್ವಾ? ಹಣ್ಣು ಹುಳಿಯಾಗಬಹುದು, ನಾರು ಜಾಸ್ತಿ ಇರಬಹುದು, ಅದೃಷ್ಟವಿದ್ದರೆ ಚೆನ್ನಾಗಿಯೂ ಇರಬಹುದು. ಅದು ಗೊತ್ತಾಗಲು ಆರೇಳು ವರ್ಷ ಕಾಯಬೇಕು, ಕೆಲವೊಮ್ಮೆ ಇನ್ನೂ ಜಾಸ್ತಿ. ಕಸಿ ಗಿಡ ಮೂರು-ನಾಲ್ಕು ವರ್ಷಕ್ಕೆ ಫಲ ಕೊಡುತ್ತದೆ, ಎತ್ತರವೂ ಹಿಡಿತದಲ್ಲಿರುತ್ತದೆ. ಚಿಕ್ಕ ಸೈಟಿನಲ್ಲಿ ಇದು ಸಣ್ಣ ವಿಷಯವಲ್ಲ.

ಹಲಸಿನದೂ ಇದೇ ಕಥೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ಸಿದ್ದು ಹಲಸಿನ ಕೆಂಪು ತೊಳೆ ಬೇಕೆಂದರೆ ಆ ಮರದಿಂದ ಮಾಡಿದ ಕಸಿ ಗಿಡವೇ ಬೇಕು. ಮಲೆನಾಡಿನವರು ಒಳ್ಳೆಯ ಅಪ್ಪೆಮಿಡಿ ಮರ ಸಿಕ್ಕರೆ ಅದರ ಕುಡಿ ತಂದು ಕಸಿ ಕಟ್ಟುವುದೂ ಇದಕ್ಕೇ.

ಎಲ್ಲ ಹಣ್ಣಿಗೂ ಈ ಮಾತು ಅನ್ವಯಿಸಲ್ಲ. ನಿಂಬೆಯ ಒಂದೇ ಬೀಜದಿಂದ ಎರಡು-ಮೂರು ಮೊಳಕೆ ಬರುವುದನ್ನು ನೋಡಿರಬಹುದು. ಅದರಲ್ಲಿ ಹೆಚ್ಚಿನವು ತಾಯಿಯ ಅಂಗಾಂಶದಿಂದಲೇ ಹುಟ್ಟಿದವು, ಹಾಗಾಗಿ ತಾಯಿಯನ್ನೇ ಹೋಲುತ್ತವೆ. ನಿಂಬೆಯನ್ನು ಧೈರ್ಯವಾಗಿ ಬೀಜದಿಂದ ಬೆಳೆಸಿ. ಕರಾವಳಿಯ ಕೆಲವು ಮಾವಿನ ತಳಿಗಳೂ ಹೀಗೆಯೇ. ಪಪ್ಪಾಯಿಗಂತೂ ಬೀಜವೇ ದಾರಿ. ಅರ್ಕಾ ಸೂರ್ಯ, ಕೂರ್ಗ್ ಹನಿಡ್ಯೂ ತರಹದ ತಳಿ ಆರಿಸಿದರೆ ಹಣ್ಣು ಬಿಡದ ಗಂಡು ಗಿಡದ ಕಾಟ ಇರಲ್ಲ.

ಈಗ ನಿಮ್ಮ ಸಸಿಯ ವಿಷಯ. ಸುಮ್ನೆ ಕಿತ್ತೆಸೆಯಬೇಡಿ. ನರ್ಸರಿಯವರೂ ಮೊದಲು ವಾಟೆಯಿಂದ ಸಸಿ ಎಬ್ಬಿಸಿ, ಅದರ ಮೇಲೆಯೇ ಬಾದಾಮಿಯ ಕಡ್ಡಿ ಕೂರಿಸುತ್ತಾರೆ. ನೀವೂ ಅದನ್ನೇ ಮಾಡಿಸಿ. ಗೋಡೆಯಿಂದ ಹತ್ತು-ಹನ್ನೆರಡು ಅಡಿ ದೂರದಲ್ಲಿ, ಬಿಸಿಲು ಬೀಳುವ ಕಡೆ ಮೂರಡಿ ಗುಂಡಿ ತೆಗೆಯಿರಿ. ಮೇಲ್ಮಣ್ಣಿಗೆ ಕೊಳೆತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ, ಸಸಿ ನೆಡಿ. ಕಾಂಡ ಪೆನ್ಸಿಲ್ ದಪ್ಪವಾಗಿ ಚೆನ್ನಾಗಿ ಬೇರು ಬಿಟ್ಟ ಮೇಲೆ, ಮಳೆಗಾಲದ ತೇವದ ದಿನಗಳಲ್ಲಿ, ಕಸಿ ಕಟ್ಟುವವರನ್ನು ಕರೆಸಿ. ಹಣ್ಣು ಬಿಡುತ್ತಿರುವ ಬಾದಾಮಿ ಮರದ ಮೂರು-ನಾಲ್ಕು ತಿಂಗಳ ಕಡ್ಡಿ, ಅದೇ ದಪ್ಪದ್ದು, ಸಾಕು. ಕತ್ತರಿಸುವ ವಾರ-ಹತ್ತು ದಿನ ಮೊದಲು ತೊಟ್ಟು ಬಿಟ್ಟು ಅದರ ಎಲೆ ಸವರಿದ್ದರೆ ಮೊಗ್ಗು ಉಬ್ಬಿರುತ್ತದೆ, ಬೇಗ ಕೂರುತ್ತದೆ.

ಕಸಿ ಹಿಡಿದ ಮೇಲೆ ಪ್ಲಾಸ್ಟಿಕ್ ಪಟ್ಟಿ ಬಿಚ್ಚುವುದನ್ನು ಮರೆಯಬೇಡಿ, ಕಾಂಡ ದಪ್ಪವಾದಂತೆ ಅದು ಬಿಗಿಯುತ್ತದೆ. ಮೊದಲ ಎರಡು-ಮೂರು ವರ್ಷ ಹೂವು ಬಂದರೆ ಚಿವುಟಿ ಹಾಕಿ. ಕಷ್ಟ ಅನಿಸುತ್ತೆ, ಆದರೂ ಗಿಡ ಗಟ್ಟಿಯಾಗಲಿ. ಕಸಿ ಗಂಟಿನ ಕೆಳಗೆ ಚಿಗುರು ಕಂಡರೆ ಅಂದೇ ತೆಗೆಯಿರಿ. ಬಿಟ್ಟರೆ ಆ ಚಿಗುರೇ ಜೋರಾಗಿ ಬೆಳೆದು ಬಾದಾಮಿ ಕಡ್ಡಿಯನ್ನು ಸೊರಗಿಸುತ್ತದೆ.