ಹಳೇ ಟಾಮ್ ಅಂಡ್ ಜೆರ್ರಿ ಈಗಲೂ ಯಾಕೆ ಹಳತಾಗಿಲ್ಲ?

ಓದುಗರ ಪ್ರಶ್ನೆ: ನಮ್ಮದು ದಾವಣಗೆರೆಯ ವಿದ್ಯಾನಗರ. ಮನೆಯಲ್ಲಿ 5 ವರ್ಷದ ಮಗ ಇದ್ದಾನೆ. ಮೊಬೈಲಿನಲ್ಲಿ ಹೊಸ ಕಾರ್ಟೂನುಗಳಿಗೆ ಬರ ಇಲ್ಲ. ಆದರೂ ಅವನು ಹಟ ಹಿಡಿಯುವುದು ಹಳೇ ಟಾಮ್ ಅಂಡ್ ಜೆರ್ರಿಗೇ. ನಾನು ಚಿಕ್ಕವಳಿದ್ದಾಗ ನೋಡಿದ್ದೂ ಅದೇ. ಅದು ಶುರುವಾದರೆ ನಮ್ಮ ಅತ್ತೆಯವರೂ ಕೆಲಸ ಬಿಟ್ಟು ಬಂದು ಕೂರುತ್ತಾರೆ. 80 ವರ್ಷ ದಾಟಿದ ಅಮೆರಿಕದ ಕಾರ್ಟೂನು ಮೂರು ತಲೆಮಾರಿಗೂ ಹಿಡಿಸುವುದು ಹೇಗೆ?

ಉತ್ತರ: ಬಾಲ್ಯದ ನೆನಪು ಅಂತ ಹೇಳಿ ಸುಮ್ಮನಾಗುವವರೇ ಜಾಸ್ತಿ. ಆದರೆ ನಿಮ್ಮ ಮಗನಿಗೆ ಯಾವ ಬಾಲ್ಯದ ನೆನಪು ಇರುತ್ತದೆ ಹೇಳಿ? ಅವನ ಬಾಲ್ಯ ಈಗ ತಾನೇ ನಡೆಯುತ್ತಿದೆ. ಅತ್ತೆಯವರಿಗೂ ಅದು ಬಾಲ್ಯದ್ದಲ್ಲ. ಹಾಗಾಗಿ ಕಾರಣ ಬೇರೆ ಕಡೆ ಇದೆ.

ಹೋದ ತಿಂಗಳು ನಮ್ಮೂರಿನ ಒಂದು ಬೆಣ್ಣೆ ದೋಸೆ ಹೋಟೆಲಿನಲ್ಲಿ ಪಾರ್ಸೆಲ್‌ಗೆ ಕಾಯುತ್ತಾ ನಿಂತಿದ್ದೆ. ಗೋಡೆಯ ಮೇಲಿನ ಟಿವಿಯಲ್ಲಿ ಇದೇ ಕಾರ್ಟೂನು, ಸೌಂಡು ಪೂರ್ತಿ ಬಂದ್. ಟಾಮ್ ಜೋರಾಗಿ ಓಡಿ ಬಂದು ಬ್ರೇಕ್ ಹಾಕಿದ. ಕಾಲಡಿಯ ಜಮಖಾನೆ ಮಡಿಕೆ ಮಡಿಕೆಯಾಗಿ ಅವನ ಜೊತೆಗೇ ಜಾರಿತು. ಗೋಡೆಗೆ ಗುದ್ದಿ ನಿಂತ. ಮೇಲಿನ ಹೂಕುಂಡ ಅಲುಗಾಡಿತು. ಟಾಮ್ ನಿಧಾನವಾಗಿ ಕತ್ತೆತ್ತಿ ಅದನ್ನು ನೋಡಿದ, ಆಮೇಲೆ ನಮ್ಮ ಕಡೆ ತಿರುಗಿದ. ಅಷ್ಟೇ. ಶಾಲೆಯ ಬ್ಯಾಗ್ ಹೊತ್ತ ಹುಡುಗಿ, ಮಂಡಿಯಿಂದ ಬಂದಿದ್ದ ಇಬ್ಬರು ಹಮಾಲರು, ಚಟ್ನಿ ಬಡಿಸುತ್ತಿದ್ದ ಹುಡುಗ, ಎಲ್ಲರೂ ಒಟ್ಟಿಗೇ ನಕ್ಕರು. ಕುಂಡ ಇನ್ನೂ ಬಿದ್ದಿರಲಿಲ್ಲ!

ನನ್ನ ಪ್ರಕಾರ ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ. ನಗಿಸುವುದು ಪೆಟ್ಟಲ್ಲ, ಪೆಟ್ಟಿಗೆ ಮುಂಚಿನ ಆ ಒಂದು ಕ್ಷಣ. ಅದು ಎಷ್ಟು ಉದ್ದ ಇರಬೇಕು ಅನ್ನುವ ಲೆಕ್ಕವನ್ನು ಆ ಕಾಲದವರು ಬಹಳ ಶ್ರದ್ಧೆಯಿಂದ ಹಾಕಿದ್ದರು. ಸಿನಿಮಾ ರೀಲಿನಲ್ಲಿ ಒಂದು ಸೆಕೆಂಡಿಗೆ 24 ಫ್ರೇಮು, ಅಂದರೆ ಚಿತ್ರದ 24 ಚೌಕ. 7 ನಿಮಿಷದ ಕಾರ್ಟೂನು ಅಂದರೆ 10,080 ಫ್ರೇಮು. ಕೆಲವು ಕಡೆ ಒಂದೇ ಚಿತ್ರವನ್ನು ಎರಡು ಫ್ರೇಮಿಗೆ ಬಳಸುತ್ತಿದ್ದರು. ಹಾಗಿದ್ದರೂ ಸಾವಿರಾರು ಚಿತ್ರಗಳನ್ನು ಕೈಯಲ್ಲೇ ಬರೆಯಬೇಕು. ಟಾಮ್ ನಮ್ಮ ಕಡೆ ನೋಡುವುದು 8 ಫ್ರೇಮೋ, 12 ಫ್ರೇಮೋ ಅನ್ನುವುದನ್ನು ಚಿತ್ರ ಬರೆಯುವ ಮೊದಲೇ ಕಾಗದದ ಮೇಲೆ ತೀರ್ಮಾನ ಮಾಡಬೇಕಿತ್ತು. ನಾಲ್ಕು ಫ್ರೇಮು ಹೆಚ್ಚಾದರೆ ನಗು ಸಪ್ಪೆ, ಕಮ್ಮಿಯಾದರೆ ನೋಡುವವರಿಗೆ ವಿಷಯವೇ ತಿಳಿಯುವುದಿಲ್ಲ.

ಈ ಜೋಡಿ ಹುಟ್ಟಿದ್ದು 1940ರಲ್ಲಿ, ಅಮೆರಿಕದ ಎಂಜಿಎಂ ಅನ್ನುವ ಸಿನಿಮಾ ಸ್ಟುಡಿಯೋದಲ್ಲಿ. ಮಾಡಿದವರು ವಿಲಿಯಂ ಹನ್ನಾ ಮತ್ತು ಜೋಸೆಫ್ ಬಾರ್ಬೆರಾ. ಮೊದಲ ಕಂತಿನಲ್ಲಿ ಬೆಕ್ಕಿನ ಹೆಸರು ಜ್ಯಾಸ್ಪರ್. ಟಾಮ್, ಜೆರ್ರಿ ಅನ್ನುವ ಹೆಸರು ಬಂದದ್ದು ಎರಡನೆಯದರಲ್ಲಿ. ಕಥೆ, ತಮಾಷೆ, ಮೊದಲ ರೇಖೆಗಳು ಬಾರ್ಬೆರಾ ಅವರವು. ಯಾವುದು ಎಷ್ಟು ಹೊತ್ತು ಅನ್ನುವ ಲೆಕ್ಕ ಹನ್ನಾ ಅವರದು. ಟಾಮ್‌ನ ಬಾಲ ಬಾಗಿಲಿಗೆ ಸಿಕ್ಕಾಗ ಕೇಳುವ ಆ ಕಿರುಚಾಟ ಇದೆಯಲ್ಲ, ಅದೂ ಹನ್ನಾ ಅವರದೇ ಗಂಟಲು. ಇವರಿಬ್ಬರೂ ಸೇರಿ ಮಾಡಿ, 1958ರವರೆಗೆ ತೆರೆಗೆ ಬಂದದ್ದು 114 ಕಂತು. ಅಂದರೆ ವರ್ಷಕ್ಕೆ ಸರಾಸರಿ ಆರು ಚಿಲ್ಲರೆ. ಅವುಗಳಲ್ಲಿ 7ಕ್ಕೆ ಆಸ್ಕರ್ ಬಂತು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಇವು ಬರೀ ಮಕ್ಕಳಿಗೆ ಅಂತ ಮಾಡಿದವಲ್ಲ. ಆಗ ಅಮೆರಿಕದಲ್ಲೂ ಮನೆಮನೆಗೆ ಟಿವಿ ಇರಲಿಲ್ಲ. ಥಿಯೇಟರಿನಲ್ಲಿ ದೊಡ್ಡ ಸಿನಿಮಾಕ್ಕೆ ಮೊದಲು ವಾರ್ತಾಚಿತ್ರದ ಜೊತೆ ಇವನ್ನೂ ಹಾಕುತ್ತಿದ್ದರು. ನಮ್ಮ ಟಾಕೀಸುಗಳಲ್ಲಿ ಸಿನಿಮಾಕ್ಕೆ ಮುಂಚೆ ಫಿಲಂಸ್ ಡಿವಿಷನ್ನಿನ ಕಪ್ಪು ಬಿಳುಪು ವಾರ್ತಾಚಿತ್ರ ಬರುತ್ತಿದ್ದದ್ದು ನಿಮ್ಮ ಅತ್ತೆಯವರಿಗೆ ನೆನಪಿರಬಹುದು, ಕೇಳಿ ನೋಡಿ. ದುಡಿದು ದಣಿದು ಬಂದ ಗಂಡಸರು, ಹೆಂಗಸರು, ಮಕ್ಕಳು, ಅಜ್ಜಂದಿರು ಎಲ್ಲ ಒಂದೇ ಹಾಲಿನಲ್ಲಿ ಕೂತಿರುತ್ತಿದ್ದರು. ಅಷ್ಟೂ ಜನ ಒಟ್ಟಿಗೆ ನಗಬೇಕು. ನಿಮ್ಮ ಮನೆಯ ಹಾಲಿನಲ್ಲಿ ಮೂರು ತಲೆಮಾರು ನಗುವುದು ಅದಕ್ಕೇ.

ಮಾತು ಬಹಳ ಕಮ್ಮಿ ಇರುವುದು ಇನ್ನೊಂದು ಅನುಕೂಲ. ಹೆಚ್ಚಿನ ಕಂತುಗಳಿಗೆ ಡಬ್ಬಿಂಗ್ ಬೇಡ. ಮಾತಿನ ಕೆಲಸವನ್ನು ಸಂಗೀತ ಮಾಡುತ್ತದೆ. ಅದರ ಹಿಂದೆ ಇದ್ದವರು ಸ್ಕಾಟ್ ಬ್ರ್ಯಾಡ್ಲಿ. ಟಾಮ್ ಮೆಟ್ಟಿಲು ಹತ್ತಿದರೆ ಸ್ವರವೂ ಹತ್ತುತ್ತದೆ, ಜಾರಿದರೆ ಸ್ವರವೂ ಜಾರುತ್ತದೆ. 12 ಫ್ರೇಮಿಗೆ ಸಂಗೀತದ ಒಂದು ಪೆಟ್ಟು ಅಂದರೆ ಸೆಕೆಂಡಿಗೆ ಎರಡು. ತಾಳ ಹಾಕಿದ ಹಾಗೆ ಹೆಜ್ಜೆ ಬೀಳುತ್ತದೆ.

ಇದನ್ನು ಕಣ್ಣಾರೆ ನೋಡಬೇಕಾದರೆ 1947ರಲ್ಲಿ ತೆರೆಗೆ ಬಂದ 'ದ ಕ್ಯಾಟ್ ಕನ್ಸರ್ಟೊ' ಹಾಕಿ. ಟಾಮ್ ಕೋಟು ತೊಟ್ಟು ಪಿಯಾನೋ ಮುಂದೆ ಕೂರುತ್ತಾನೆ. ನುಡಿಸುವುದು ಫ್ರಾಂಜ್ ಲಿಸ್ಟ್ ಅನ್ನುವ ಸಂಗೀತಗಾರರ 'ಹಂಗೇರಿಯನ್ ರಾಪ್ಸೊಡಿ' ಅನ್ನುವ ಪಿಯಾನೋ ಕೃತಿ. ಜೆರ್ರಿ ಪಿಯಾನೋದ ಒಳಗೇ ಮಲಗಿದ್ದಾನೆ. ತಂತಿಗೆ ಬಡಿಯುವ ಪುಟ್ಟ ಸುತ್ತಿಗೆಗಳು ಅವನನ್ನು ಎತ್ತಿ ಎತ್ತಿ ಹಾಕಿ ನಿದ್ದೆ ಕೆಡಿಸುತ್ತವೆ. ಅಲ್ಲಿಂದ ಜಗಳ ಶುರು. ಜೆರ್ರಿ ಪಿಯಾನೋದ ಬಿಳಿ ಮನೆಗಳ ನಡುವೆ ಇಲಿಬೋನು ಇಡುತ್ತಾನೆ. ಟಾಮ್‌ನ ಬೆರಳು ಅದರ ಆಚೆಗೊಮ್ಮೆ ಈಚೆಗೊಮ್ಮೆ ಬೀಳುತ್ತದೆ, ಬೋನನ್ನು ಮಾತ್ರ ಮುಟ್ಟುವುದಿಲ್ಲ. ನಾವು ಉಸಿರು ಬಿಗಿಹಿಡಿದು ಕಾಯುತ್ತೇವೆ. ಕೊನೆಗೆ ಫಟ್! ಇಷ್ಟೆಲ್ಲ ಆದರೂ ಸಂಗೀತ ಎಲ್ಲೂ ನಿಲ್ಲುವುದಿಲ್ಲ. ನನಗೆ ಇದು ಎಷ್ಟು ಸಲ ನೋಡಿದರೂ ಮೈ ಜುಮ್ ಅನ್ನುತ್ತದೆ.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತೇವಲ್ಲ, ಇಲ್ಲಿ ಅದು ತಿರುವುಮುರುವು. ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವನಾದ ನಿಮ್ಮ ಮಗನಿಗೆ ಜೆರ್ರಿ ಗೆಲ್ಲುವುದು ಇಷ್ಟವಾಗದೆ ಇರುತ್ತದಾ? ಹೊಡೆದಾಟ ನೋಡಿ ಕೆಡುತ್ತಾನೆ ಅನ್ನುವ ಭಯ ಬೇಡ, ಆದರೆ ಪಕ್ಕದಲ್ಲಿ ಕೂತು ನೋಡಿ. ನಮ್ಮ ತೊಗಲುಗೊಂಬೆ ಆಟದಲ್ಲಿ ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ಜಗಳ ತೆಗೆದರೆ ಊರಿಗೆ ಊರೇ ನಗುತ್ತಿತ್ತು. ಗೊಂಬೆಗೆ ನೋವಾಗುವುದಿಲ್ಲ ಅಂತ ಮಕ್ಕಳಿಗೂ ಗೊತ್ತಿತ್ತು.

ಒಂದು ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಆ ಕಾಲದ ಕೆಲವು ಕಂತುಗಳಲ್ಲಿ ಕಪ್ಪು ಜನರನ್ನು ಕೀಳಾಗಿ ತೋರಿಸಿದ್ದಾರೆ. ಅದು ಆಗಲೂ ತಪ್ಪು, ಈಗಲೂ ತಪ್ಪು. ಅಂಥದ್ದು ಬಂದರೆ ಮಗನಿಗೆ ಬಿಡಿಸಿ ಹೇಳಿ, ಇಲ್ಲವೇ ಮುಂದಕ್ಕೆ ಓಡಿಸಿ.

ಹಾಗಾದರೆ ಆಮೇಲೆ ಬಂದ ಕಾರ್ಟೂನುಗಳು ಯಾಕೆ ಹಾಗಿಲ್ಲ? ಕಾರಣ ದುಡ್ಡು ಮತ್ತು ಟೈಮು. 1957ರಲ್ಲಿ ಎಂಜಿಎಂ ತನ್ನ ಕಾರ್ಟೂನ್ ವಿಭಾಗ ಮುಚ್ಚಿತು. ಹನ್ನಾ, ಬಾರ್ಬೆರಾ ಟಿವಿಗೆ ಹೋದರು. ಟಿವಿಗೆ ವಾರವಾರವೂ ಬೇಕು, ಕೊಡುವ ದುಡ್ಡು ಕಮ್ಮಿ. ಹಾಗಾಗಿ ಬರೆಯುವ ಚಿತ್ರಗಳನ್ನು ಕಮ್ಮಿ ಮಾಡಿದರು. ಮೈ ನಿಂತಲ್ಲೇ ನಿಂತಿರುತ್ತದೆ, ಬಾಯಿ ಮಾತ್ರ ಆಡುತ್ತದೆ. ಮೈ ಮಾಡುತ್ತಿದ್ದ ಕೆಲಸ ಮಾತಿಗೆ ಬಂತು. ಅವೂ ಚೆನ್ನಾಗಿವೆ, ಸುಳ್ಳು ಹೇಳುವುದಿಲ್ಲ. ಆದರೆ ಸೌಂಡು ಬಂದ್ ಮಾಡಿದರೆ ಅರ್ಧ ಮಜಾ ಹೋಯಿತು.

ಇವತ್ತು ರಾತ್ರಿ ಮಗನ ಜೊತೆ ಕೂತಾಗ ಸುಮ್ನೆ ಒಮ್ಮೆ ಸೌಂಡು ಪೂರ್ತಿ ತಗ್ಗಿಸಿ ನೋಡಿ. ಟಿವಿ ನೋಡಬೇಡಿ, ಅವನ ಮುಖ ನೋಡಿ. ಟಾಮ್ ನಿಂತು ಈ ಕಡೆ ತಿರುಗಿದ ಕೂಡಲೇ ಅವನ ಬಾಯಿ ಅಗಲವಾಗುತ್ತದೆ, ಕುಂಡ ಬೀಳುವುದಕ್ಕೆ ಮುಂಚೆಯೇ.