ಮುದುಕನ ಪಾತ್ರಕ್ಕೆ ಬೆನ್ನು ಬಗ್ಗಿಸಿದರೆ ಸಾಕಾ?

ಪ್ರಶ್ನೆ: ನನಗೆ 24 ವರ್ಷ. ರಾಯಚೂರಿನ ಹವ್ಯಾಸಿ ತಂಡವೊಂದರಲ್ಲಿದ್ದೇನೆ. ಹೊಸ ನಾಟಕದಲ್ಲಿ ನನ್ನದು ಎಪ್ಪತ್ತರ ಮುದುಕನ ಪಾತ್ರ, ಗಂಜಿನಲ್ಲಿ (ದವಸಧಾನ್ಯದ ಮಾರುಕಟ್ಟೆಯಲ್ಲಿ) ಹಮಾಲಿಯಾಗಿ ದುಡಿದವನು. ಬೆನ್ನು ಬಗ್ಗಿಸುತ್ತೇನೆ, ಕೈ ನಡುಗಿಸುತ್ತೇನೆ, ಕೋಲು ಹಿಡಿಯುತ್ತೇನೆ. ಆದರೂ ನಿರ್ದೇಶಕರು 'ಮುದುಕ ಕಾಣ್ತಿಲ್ಲ, ನೀನೇ ಕಾಣ್ತಿ' ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಆ ಕೋಲನ್ನು ಮೂಲೆಗಿಡಿ. ಬೆನ್ನು, ನಡುಕ, ಕೋಲು ಮೂರೂ ಯಾವ ಮುದುಕನಿಗಾದರೂ ಹೊಂದುತ್ತವೆ. ನಿಮಗೆ ಬೇಕಾದವನು ಈ ಒಬ್ಬ ಮುದುಕ. ಅವನ ಮೈ ನಲವತ್ತು ವರ್ಷ ಏನು ಮಾಡಿತ್ತು? ಅಲ್ಲಿಂದ ಶುರು ಮಾಡೋಣ.

ಒಂದು ಬೆಳಿಗ್ಗೆ ಗಂಜಿಗೆ ಹೋಗಿ ಸುಮ್ನೆ ಕೂತು ನೋಡಿ. 75 ಕೆಜಿಯ ಭತ್ತದ ಚೀಲ ಬೆನ್ನಿಗೆ ಬಿದ್ದಾಗ ಹಮಾಲಿ ನಿಧಾನ ಆಗುವುದಿಲ್ಲ. ಹೆಜ್ಜೆ ಚಿಕ್ಕದಾಗುತ್ತದೆ, ಬೇಗಬೇಗ ಬೀಳುತ್ತದೆ. ಮೊಣಕಾಲು ಸ್ವಲ್ಪ ಮಡಚಿಯೇ ಇರುತ್ತದೆ. ಕುತ್ತಿಗೆ ಮುಂದಕ್ಕೆ, ನೋಟ ಹುಬ್ಬಿನ ಕೆಳಗಿಂದ. ಚೀಲ ಇಳಿಸಿ ಚಹಾ ಕುಡಿಯುವಾಗಲೂ ಆ ಕುತ್ತಿಗೆ ಪೂರ್ತಿ ಹಿಂದಕ್ಕೆ ಬಂದಿರುವುದಿಲ್ಲ. ನಿಮ್ಮ ಮುದುಕ ಅಲ್ಲಿದ್ದಾನೆ. ಅವನ ಕಾಲಲ್ಲಿ ಇನ್ನೂ ಕಸುವಿರಬಹುದು, ಕುತ್ತಿಗೆ ಮಾತ್ರ ಚೀಲವನ್ನು ಮರೆತಿಲ್ಲ. (ಯಾರನ್ನಾದರೂ ಹೀಗೆ ಗಮನಿಸುವ ಮುಂಚೆ ಮಾತಾಡಿಸಿ, ಯಾಕೆ ಬಂದಿದ್ದೀನಿ ಅಂತ ಹೇಳಿ. ಅವರ ದುಡಿಮೆ ನಮಗೆ ಪಾಠ ಆಗುತ್ತಿದೆ, ಅಷ್ಟು ಮರ್ಯಾದೆ ಕೊಡಲೇಬೇಕು.)

ನಟರಿಗೆ ಚಲನೆ ಕಲಿಸುವವರು ಇವತ್ತಿಗೂ ನೆನೆಯುವ ರುಡಾಲ್ಫ್ ಲಾಬಾನ್ ಕೂಡ ದುಡಿಯುವ ಮೈಗಳನ್ನು ಹೀಗೇ ನೋಡಿದವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಕಾರ್ಖಾನೆಗಳಲ್ಲಿ ಕೆಲಸಗಾರರು ಹೇಗೆ ಎತ್ತುತ್ತಾರೆ, ತಿರುಗುತ್ತಾರೆ ಅಂತ ಅಭ್ಯಾಸ ಮಾಡಿದರು. ಯಾವ ಚಲನೆಗೂ ಅವರು ಕೇಳುತ್ತಿದ್ದದ್ದರಲ್ಲಿ ಮೂರು ಮುಖ್ಯ: ಭಾರವೋ ಹಗುರವೋ? ದಿಢೀರನೆಯೋ ನಿಧಾನವೋ? ನೇರವೋ ಸುತ್ತಿಬಳಸಿಯೋ? ಇವನ್ನು ಜೋಡಿಸಿದರೆ ಎಂಟು ಬಗೆ ಸಿಗುತ್ತವೆ. ಭಾರ, ನಿಧಾನ, ನೇರ ಸೇರಿದರೆ ಒತ್ತುವುದು. ಹಗುರ, ದಿಢೀರ್, ನೇರ ಸೇರಿದರೆ ತಟ್ಟುವುದು. ನಿಮ್ಮ ಮುದುಕ ಬಾಗಿಲನ್ನು ಒತ್ತುತ್ತಾನಾ, ತಟ್ಟುತ್ತಾನಾ? ಎರಡೂ ಮಾಡಿ ನೋಡಿ. ಮಾತು ಹೇಳುವ ದನಿಯೂ ತಾನಾಗಿ ಬದಲಾಗುತ್ತದೆ.

ಈಗ ಮನೆಯಲ್ಲಿ ಹತ್ತು ಕೆಜಿ ಜೋಳದ ಚೀಲ ಬೆನ್ನಿಗೆ ಹಾಕಿಕೊಂಡು ಹತ್ತು ನಿಮಿಷ ನಡೆಯಿರಿ. ಇಳಿಸಿ. ಮೈ ಹಗುರಾಗಿ ಮೇಲೇಳುತ್ತದೆ, ಅಲ್ವಾ? ಆ ಹಗುರವನ್ನು ಒಪ್ಪಿಕೊಳ್ಳಬೇಡಿ. ಚೀಲ ಇನ್ನೂ ಇದೆ ಅಂದುಕೊಂಡೇ ನಡೆಯಿರಿ, ನೀರು ಕುಡಿಯಿರಿ, ಮಾತು ಹೇಳಿ. ಬೆನ್ನುನೋವು ಇರುವವರು ಖಾಲಿ ಬೆನ್ನಲ್ಲೇ ಇದನ್ನು ಮಾಡಲಿ.

ವಯಸ್ಸು ಜಾಸ್ತಿ ಕಾಣುವುದು ಏಳುವಾಗ. ಕೂತ ಮುದುಕರು ಒಂದೇ ಸಲ ಏಳುವುದಿಲ್ಲ. ಕಟ್ಟೆಯ ಅಂಚಿಗೆ ಸರಿಯುತ್ತಾರೆ, ಪಾದ ಹಿಂದಕ್ಕೆಳೆದುಕೊಳ್ಳುತ್ತಾರೆ, ಕೈ ತೊಡೆಗೆ ಊರುತ್ತಾರೆ, ಆಮೇಲೆ ಏಳುತ್ತಾರೆ. ನಿಂತ ಮೇಲೂ ಒಂದು ಕ್ಷಣ ಬೇಕು, ನೆಲ ಸಿಕ್ಕಿತೇ ಅಂತ ನೋಡಿಕೊಳ್ಳಲು. ಯಾರಾದರೂ ಕರೆದರೆ ಕುತ್ತಿಗೆಯೊಂದೇ ಅಲ್ಲ, ಎದೆಯೂ ತಿರುಗುತ್ತದೆ. ಇಡೀ ಮೈ ಬೀಳಬಾರದು ಅಂತ ಎಚ್ಚರವಾಗಿರುತ್ತದೆ. ಆ ಎಚ್ಚರವನ್ನು ಆಡಿ, ನಡುಕ ಬೇಕಾಗುವುದೇ ಇಲ್ಲ.

ಬಯಲಾಟ ನೋಡಿ ಬೆಳೆದವರಿಗೆ ಇದೆಲ್ಲ ತೀರಾ ಸಣ್ಣದು ಅನ್ನಿಸಬಹುದು. ಅಲ್ಲಿ ರಾಜ ಕುಣಿಯುತ್ತಲೇ ಬರುತ್ತಾನೆ, ಬಯಲಿನ ಕೊನೆಯವರಿಗೂ ಕಾಣಬೇಕಲ್ಲ. ಭರತನ ನಾಟ್ಯಶಾಸ್ತ್ರದಲ್ಲೂ ಯಾವ ಪಾತ್ರ ಹೇಗೆ ನಡೆಯಬೇಕು ಅನ್ನುವುದಕ್ಕೆ ಒಂದು ಅಧ್ಯಾಯವೇ ಇದೆ. ನಡಿಗೆ ನಮಗೆ ಹೊಸ ವಿದ್ಯೆ ಏನಲ್ಲ. ಆದರೆ ನಿಮ್ಮದು ಮನೆಯೊಳಗಿನ ಕಥೆ. ತಾಲೀಮಿನಲ್ಲಿ ಎಲ್ಲವನ್ನೂ ದೊಡ್ಡದಾಗಿ ಮಾಡಿ, ಪ್ರದರ್ಶನದ ಹೊತ್ತಿಗೆ ಹತ್ತರಲ್ಲಿ ಮೂರು ಪಾಲು ಉಳಿಸಿಕೊಳ್ಳಿ.

ಬಗ್ಗಲೇಬೇಕಾದರೆ ಸೊಂಟದ ಕೀಲಿನಿಂದ, ಮೊಣಕಾಲಿನಿಂದ ಬಗ್ಗಿ. ಬೆನ್ನೆಲುಬನ್ನು ಬಿಲ್ಲಿನ ಹಾಗೆ ಮಾಡಿದರೆ ಎದೆ ಮುಚ್ಚಿಕೊಳ್ಳುತ್ತದೆ, ಉಸಿರು ಸಾಲದು. ಆಮೇಲೆ ನಮ್ಮ ಬಳ್ಳಾರಿಯ ರಾಘವ ಕಲಾಮಂದಿರದಲ್ಲಿ ಆಡಿದರೂ ಹಿಂದಿನ ಸಾಲಿಗೆ ಮಾತು ಮುಟ್ಟುವುದಿಲ್ಲ.

ಇನ್ನೊಂದು: ನಾಳೆಯ ತಾಲೀಮಿಗೆ ಬೂಟು ಹಾಕಿಕೊಂಡು ಹೋಗಬೇಡಿ. ಮುದುಕನ ಸವೆದ ಚಪ್ಪಲಿಯೋ, ಬರಿಗಾಲೋ, ನಾಟಕದಲ್ಲಿ ಏನಿದೆಯೋ ಅದರಲ್ಲೇ ಮೊದಲ ದಿನದಿಂದ ನಡೆಯಿರಿ.