ಬೇಳೆ ಬೇಗ ಬೆಂದರೆ ನೀರು ಒಳ್ಳೆಯದಾ?

ಬೇಳೆ ಬೇಗ ಬೆಂದರೆ, ಸೋಪು ಚೆನ್ನಾಗಿ ನೊರೆ ಬಂದರೆ ನೀರು ಒಳ್ಳೆಯದು ಅಂತ ನಂಬುವವರೇ ಜಾಸ್ತಿ. ಪಾವಗಡ, ಬಾಗೇಪಲ್ಲಿ ಕಡೆಯ ಆಳದ ಬೋರ್‌ವೆಲ್ ನೀರನ್ನು ದಯವಿಟ್ಟು ಹೀಗೆ ಅಳೆಯಬೇಡಿ. ನೊರೆ ಹೇಳುವುದು ಗಡಸುತನ, ಅಂದರೆ ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಂಶ ಕಡಿಮೆ ಅಂತ, ಅಷ್ಟೆ. ಕ್ಯಾಲ್ಸಿಯಂ ಇಳಿದ ಕಡೆ, ಅತಿಯಾದರೆ ಹಲ್ಲು-ಮೂಳೆ ಕೆಡಿಸುವ ಫ್ಲೋರೈಡ್ ಏರಬಹುದು. ಪಿಯುಸಿಯಲ್ಲಿ ಸುಮ್ನೆ ಉರು ಹೊಡೆಯುವ ವಿಲೇಯತಾ ಗುಣಲಬ್ಧವೇ ಇದನ್ನು ತೋರಿಸಿಕೊಡುತ್ತದೆ.

1889ರಲ್ಲಿ ಜರ್ಮನಿಯ ವಾಲ್ಥರ್ ನರ್ನ್‌ಸ್ಟ್ ಕೊಟ್ಟ ನಿಯಮ ಅದು. ಅಷ್ಟಾಗಿ ಕರಗದ ಲವಣ ನೀರಿನಲ್ಲಿ ಇನ್ನು ಕರಗಲಾರೆ ಎಂದು ನಿಂತಾಗ, ಅದರ ಅಯಾನುಗಳ (ವಿದ್ಯುದಂಶವುಳ್ಳ ಕಣಗಳ) ಸಾರತೆಯ ಗುಣಲಬ್ಧ ಆ ಉಷ್ಣತೆಯಲ್ಲಿ ಒಂದೇ ಆಗಿರುತ್ತದೆ. ವಿಸ್ತೀರ್ಣ ಬದಲಾಗದ ಸೈಟಿನಂತೆ: ಅಗಲ ಕಿರಿದಾದರೆ ಉದ್ದ ಬೆಳೆಯಲೇಬೇಕು.

ಗ್ರಾನೈಟ್ ಕಲ್ಲಿನಲ್ಲಿರುವ ಫ್ಲೋರೈಟ್ ಅಂದರೆ ಕ್ಯಾಲ್ಸಿಯಂ ಫ್ಲೋರೈಡ್. ಲೀಟರಿಗೆ 'ಕ' ಮೋಲ್ (ಕಣಗಳನ್ನು ಎಣಿಸುವ ಅಳತೆ) ಕರಗಿದರೆ ಕ್ಯಾಲ್ಸಿಯಂ ಕ, ಫ್ಲೋರೈಡ್ 2ಕ. ಒಂದು ಕ್ಯಾಲ್ಸಿಯಂಗೆ ಎರಡು ಫ್ಲೋರೈಡ್ ಇರುವುದರಿಂದ ಗುಣಲಬ್ಧದಲ್ಲಿ ಆ 2ಕದ ವರ್ಗವನ್ನೂ ಮಾಡಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಕ × (2ಕ)² = 4ಕ³. 25 ಡಿಗ್ರಿಯಲ್ಲಿ ಇದು ಸುಮಾರು 3.5 × 10⁻¹¹. ಕ ಸುಮಾರು 2.06 × 10⁻⁴ ಬರುತ್ತದೆ. ಅದರ ಎರಡರಷ್ಟನ್ನು ಫ್ಲೋರಿನ್‌ನ ಪರಮಾಣು ತೂಕ 19ರಿಂದ ಗುಣಿಸಿ: ಲೀಟರಿಗೆ ಹತ್ತಿರಹತ್ತಿರ 8 ಮಿಲಿಗ್ರಾಂ ಫ್ಲೋರೈಡ್! ಕುಡಿಯುವ ನೀರಿಗೆ ನಮ್ಮ ಗರಿಷ್ಠ ಮಿತಿ 1.5.

ಈಗ ಅದೇ ಕಲ್ಲಿನ ಮೇಲೆ ಗಡಸು ನೀರು ಹರಿಯಲಿ. ಲೀಟರಿಗೆ 100 ಮಿಲಿಗ್ರಾಂ ಕ್ಯಾಲ್ಸಿಯಂ ಮೊದಲೇ ಇದೆ, ಅಂದರೆ 0.0025 ಮೋಲ್. 3.5 × 10⁻¹¹ ಅನ್ನು ಇದರಿಂದ ಭಾಗಿಸಿ ವರ್ಗಮೂಲ ತೆಗೆದು, ಮತ್ತೆ 19ರಿಂದ ಗುಣಿಸಿದರೆ ಫ್ಲೋರೈಡ್ 2.2 ಮಿಲಿಗ್ರಾಂ ಆಸುಪಾಸಿಗೆ ನಿಲ್ಲುತ್ತದೆ. ಕ್ಯಾಲ್ಸಿಯಂ ಕಾಲು ಭಾಗಕ್ಕೆ, ಅಂದರೆ 25ಕ್ಕೆ ಇಳಿದರೆ ಫ್ಲೋರೈಡ್ ದುಪ್ಪಟ್ಟಾಗಬಹುದು. ವರ್ಗದ ಮಹಿಮೆ ಇದು, ಎಷ್ಟು ಚಂದ ಅಲ್ವಾ!

ಕ್ಯಾಲ್ಸಿಯಂ ಯಾಕೆ ಇಳಿಯುತ್ತದೆ? ಆಳದಲ್ಲಿ ವರ್ಷಗಟ್ಟಲೆ ನಿಂತ ನೀರಿನಲ್ಲಿ ಬೈಕಾರ್ಬೊನೇಟ್ ಜಾಸ್ತಿ. ಕ್ಯಾಲ್ಸಿಯಂ ಸುಣ್ಣಕಲ್ಲಾಗಿ ಕೂರುತ್ತದೆ. ಉಳಿದದ್ದನ್ನು ಜೇಡಿಮಣ್ಣು ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುತ್ತದೆ. ಫ್ಲೋರೈಟ್ ಮತ್ತಷ್ಟು ಕರಗುತ್ತದೆ.

ಈ ಅಂಕಿಗಳು ಮೇಲಿನ ಮಿತಿ ಮಾತ್ರ. ಕಲ್ಲಿನಲ್ಲಿ ಫ್ಲೋರಿನ್ ಇಲ್ಲದಿದ್ದರೆ ನೀರಿಗೆ ಬರುವುದೂ ಇಲ್ಲ. ಮಳೆನೀರೂ ಮೆದುವೇ, ಆದರೆ ಅದು ಕಲ್ಲನ್ನೇ ಮುಟ್ಟಿಲ್ಲ.

"ಕುದಿಸಿ ಕುಡಿದರೆ ಸಾಕು" ಎನ್ನುವ ಮಾತು ನನಗೆ ನಿಜಕ್ಕೂ ದಿಗಿಲು ಹುಟ್ಟಿಸುತ್ತದೆ. ಕುದಿಸಿದಾಗ ಪಾತ್ರೆಯ ತಳಕ್ಕೆ ಕಟ್ಟುವ ಬಿಳಿ ಪದರ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಫ್ಲೋರೈಡ್ ನೀರಿನಲ್ಲೇ ಉಳಿಯುತ್ತದೆ, ನೀರು ಆವಿಯಾದಷ್ಟೂ ಅದರ ಸಾರತೆ ಏರುತ್ತದೆ. ರುಚಿ, ಬಣ್ಣ, ವಾಸನೆ ಯಾವುದರಿಂದಲೂ ಅದು ಗೊತ್ತಾಗುವುದಿಲ್ಲ. ಬೋರ್‌ವೆಲ್ ನೀರನ್ನು ಲ್ಯಾಬಿಗೆ ಕೊಟ್ಟಾಗ ಗಡಸುತನದ ಜೊತೆ ಫ್ಲೋರೈಡನ್ನೂ ನೋಡಲು ಹೇಳಿ.